ಹಲ್ಲಿನ ಕಥೆಯ ವಾರಸುದಾರ

ಇಸ್ತ್ರಿಪೆಟ್ಟಿಗೆಯ ವೈರನ್ನು ಹೇಗೆ ಸುತ್ತಿಡಬೇಕು ಎಂಬ ಒಂದೇ ವಾಕ್ಯವನ್ನು ಬೆಳಗಿನಿಂದ ಬರೆದು, ಹೊಡೆದುಹಾಕಿ, ಮತ್ತೆ ಬರೆದು ಸಾಕಾದ ಮೇಲೆ, ತೊಂದರೆ ಇರುವುದು ವೈರಿನಲ್ಲಲ್ಲ ಎಂಬುದು ಅವನಿಗೆ ಖಾತ್ರಿಯಾಯಿತು. ತೊಂದರೆ ಆ ಹಾಳೆಯ ಕೆಳಗಿದ್ದ ಇನ್ನೊಂದು ಹಾಳೆಯಲ್ಲಿತ್ತು. ಅದರ ನೆತ್ತಿಯ ಮೇಲೆ ‘ಬರಹಗಾರನಾಗಿ ನನ್ನ ಬೆಳವಣಿಗೆ’ ಎಂದು ಬರೆದು ಅಡಿಗೆರೆ ಎಳೆದಿದ್ದ. ಗೆರೆ ಚೆನ್ನಾಗಿ ಬಂದಿತ್ತು. ಅದರ ಕೆಳಗೆ ಇದ್ದದ್ದು ಇಷ್ಟು: ‘ಈ ಒಂದು ವರ್ಷದಲ್ಲಿ ನಾನು ಸಾಕಷ್ಟು ಬೆಳೆದಿದ್ದೇನೆ.’ ತಲೆಯ ಮುಂಭಾಗದ ಕೂದಲು ಹೋದ ಗಂಡಸೊಬ್ಬ ತನ್ನ ಬಗ್ಗೆ ತಾನೇ ಹೀಗೆ ಬರೆದುಕೊಂಡದ್ದನ್ನು ಓದಿದರೆ, ಹೋದ ವರ್ಷದ ಚಡ್ಡಿ ಈ ವರ್ಷ ಬಿಗಿಯಾಯಿತೆಂದು ದರ್ಜಿಯೆದುರು ನಿಂತವನಂತೆ ಕಾಣುತ್ತಿತ್ತು. ಸಂಜೆ ಕಾಲೇಜಿಗೆ ಹೋದಾಗ ಇದನ್ನು ಒಪ್ಪಿಸಬೇಕಿತ್ತು. ಸಂಜೆ ತರಗತಿಯ ಕಥಾಕೋರ್ಸಿಗೆ ಇವತ್ತು ಕೊನೆಯ ದಿನ. ಬರೆದುಕೊಡದವರಿಗೆ ಸರ್ಟಿಫಿಕೇಟು ಇಲ್ಲ. ಸರ್ಟಿಫಿಕೇಟು ಇಟ್ಟುಕೊಂಡು ಅವನು ಏನು ಮಾಡುವುದಿತ್ತು ಎಂದು ಯಾರಾದರೂ ಕೇಳಿದರೆ ಅವನ ಹತ್ತಿರ ಉತ್ತರವಿರಲಿಲ್ಲ. ಆದರೆ ಯಾರೂ ಕೇಳಿರಲಿಲ್ಲ.

ಅವನ ಕಸುಬು ‘ಬಳಸುವ ವಿಧಾನ’ ಬರೆಯುವುದು. ಮನೆಬಳಕೆಯ ಯಂತ್ರಗಳನ್ನು ಮಾಡುವ ಕಂಪನಿಯಲ್ಲಿ, ಪೆಟ್ಟಿಗೆಯೊಳಗೆ ಮಡಿಸಿಡುವ ಆ ತೆಳು ಕಾಗದದ ಅಷ್ಟೂ ಅಕ್ಷರ ಅವನದೇ. ಒದ್ದೆ ಕೈಯಿಂದ ಮುಟ್ಟಬೇಡಿ. ಮುಚ್ಚಳ ಸರಿಯಾಗಿ ಕೂತಿದೆಯೆಂದು ಖಾತ್ರಿಪಡಿಸಿಕೊಳ್ಳಿ. ಯಾರೂ ಓದದ, ಆದರೆ ಇಲ್ಲದೆ ಹೋದರೆ ಎಲ್ಲರೂ ಬೈಯುವ ಒಂದು ಸಾಹಿತ್ಯ ಪ್ರಕಾರವಿದ್ದರೆ ಅದು ಇದೇ ಎಂದು ಅವನು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದ. ಕೋರ್ಸಿನ ಮೊದಲ ದಿನ ಪರಿಚಯ ಹೇಳಿಕೊಳ್ಳುವಾಗ ಇದನ್ನು ಹೇಳಿ ನಗಿಸಲು ಹೋಗಿ, ವರ್ಷವಿಡೀ ‘ಕೈಪಿಡಿ’ ಎಂದು ಕರೆಸಿಕೊಂಡ. ಹೆಸರಿಟ್ಟವರು ಅವನ ಪಕ್ಕದ ಬೆಂಚಿನ ನಿವೃತ್ತ ಆಡಿಟರು. ಆಡಿಟರಿಗೆ ಯಾವ ವಸ್ತುವೂ ಒಂದು ತಲೆಬರಹದ ಕೆಳಗೆ ಬಂದು ಕೂರುವ ತನಕ ಸಮಾಧಾನವಿಲ್ಲ.

ಎದುರು ಮೇಜಿನಲ್ಲಿ ಚಿತ್ರ ಬರೆಯುವವನು ತಲೆ ಎತ್ತಿ, ‘ಸಾರ್, ವೈರ್ ಸುತ್ತೋ ಕೈ ಯಾವುದು? ಎಡಗೈಯೋ ಬಲಗೈಯೋ?’ ಎಂದ.

‘ಯಾವುದಾದ್ರೂ ಹಾಕಪ್ಪ.’

‘ನಿಮ್ಮ ವಾಕ್ಯ ಬರದೆ ನಾನು ಯಾವ ಕೈ ಹಾಕ್ಲಿ? ಬೆಳಿಗ್ಗೆಯಿಂದ ಬರೀ ಹೆಬ್ಬೆರಳು ಬರೆದಿಟ್ಕೊಂಡು ಕೂತಿದೀನಿ.’

ಅವರಿಬ್ಬರೂ ಸೇರಿ ಮಾಡುವ ಕಾಗದದಲ್ಲಿ ಮನುಷ್ಯರು ಮಣಿಕಟ್ಟಿನ ತನಕ ಮಾತ್ರ ಇರುತ್ತಾರೆ. ಗುಂಡಿ ಒತ್ತುವ ಬೆರಳು, ಮುಚ್ಚಳ ತಿರುಗಿಸುವ ಅಂಗೈ; ಅಲ್ಲಿಂದ ಮೇಲೆ ಬಿಳಿ. ಇದು ಅವನಿಗೆ ಯಾವಾಗಲೂ ಸಭ್ಯತೆಯೆಂದು ಕಂಡಿತ್ತು. ಬೆಳಿಗ್ಗೆ ಅಮ್ಮ ಹಾಗೆ ಸಭ್ಯಳಾಗಿರಲಿಲ್ಲ. ಬ್ರೆಡ್ಡು ಸುಡುತ್ತ, ಬೆನ್ನು ತಿರುಗಿಸಿಕೊಂಡೇ, ‘ಇವತ್ತು ಕೊನೆಯಂತೆ? ಪಾಸೋ ಫೇಲೋ?’ ಎಂದಿದ್ದಳು. ಇದರಲ್ಲಿ ಪಾಸು ಫೇಲು ಇಲ್ಲಮ್ಮ ಅಂದ. ‘ಮತ್ತೆ ಹೋಗಿದ್ದು ಯಾಕೆ?’ ಬೆಣ್ಣೆ ಹಚ್ಚಿ ತಟ್ಟೆ ಮುಂದಿಟ್ಟು, ಎದುರು ಕುರ್ಚಿಯಲ್ಲಿ ಕೂತು, ತನಗೆ ಏನೂ ಬೇಡವೆಂಬ ದನಿಯಲ್ಲಿ ಕೇಳಿದಳು: ‘ನನ್ನ ಬಗ್ಗೆ ಏನಾದ್ರೂ ಬರೆದಿದೀಯಾ?’

‘ಇಲ್ಲ.’

‘ಬರೆಯೋದಕ್ಕೆ ಏನಿದೆ,’ ಎಂದಳು ಅಮ್ಮ. ಬೆಣ್ಣೆ ಡಬ್ಬಿಯ ಮುಚ್ಚಳ ಹಾಕಿ, ‘ಅಪ್ಪನ ಬಗ್ಗೆ?’

‘ಇಲ್ಲಮ್ಮ. ಇದೆಲ್ಲ ಬೇರೆ ಥರ. ಕಲ್ಪನೆ.’

ಕಲ್ಪನೆ ಎಂಬ ಮಾತನ್ನು ಅಮ್ಮ ತಲೆಯಾಡಿಸಿ ಒಪ್ಪಿಕೊಂಡ ರೀತಿ, ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನು ಒಪ್ಪಿಕೊಳ್ಳುವ ಹಾಗಿತ್ತು. ಒಳ್ಳೆಯದಿರಬೇಕು, ತನಗೆ ತಿಳಿಯದು.

ಅಪ್ಪ ಹೋಗುವ ಮೊದಲು ಕೆಳಗಿನ ಸಾಲಿಗೆ ಹಲ್ಲಿನ ಸೆಟ್ಟು ಮಾಡಿಸಲು ಅಳತೆ ಕೊಟ್ಟಿದ್ದರು. ಅಳತೆ ಕೊಟ್ಟು ಬಂದ ದಿನ, ಬಾಯಲ್ಲಿ ಇನ್ನೂ ಅಚ್ಚಿನ ಗುಲಾಬಿ ಮೇಣದ ವಾಸನೆಯಿದೆ ಎಂದು ಊಟ ಬೇಡವೆಂದು, ಹೊಸ ಹಲ್ಲು ಬಂದ ಮೇಲೆ ಏನೇನು ಅಗಿಯಬೇಕೆಂದು ಹೆಂಡತಿಗೆ ಹೇಳುತ್ತ ಕೂತಿದ್ದರು. ಆ ವಾರವೇ ಹೋದರು. ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ, ಎದೆ. ಬಂದವರೆಲ್ಲ ಬಂದು ಹೋದರು, ಕುರ್ಚಿಗಳು ತಮ್ಮ ತಮ್ಮ ಜಾಗಕ್ಕೆ ಮರಳಿದವು. ಆಮೇಲೊಂದು ಬೆಳಿಗ್ಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಫೋನು. ಸೆಟ್ಟು ರೆಡಿ ಇದೆ, ಅವರನ್ನು ಕಳಿಸಿಕೊಡಿ, ಕೂರಿಸಿ ನೋಡಬೇಕು. ಅವನು ಬಚ್ಚಲಲ್ಲಿದ್ದ. ನಲ್ಲಿ ನಿಲ್ಲಿಸಿದ. ಅಮ್ಮ ಹೇಳುತ್ತಿದ್ದಳು, ‘ಈ ವಾರ ಅವರಿಗೆ ಪುರುಸೊತ್ತಿಲ್ಲ.’ ದನಿಯಲ್ಲಿ ಏನೂ ಇರಲಿಲ್ಲ. ಹಾಲಿನವನಿಗೆ ನಾಳೆ ಬೇಡ ಎಂದು ಹೇಳುವಷ್ಟೇ ಇತ್ತು. ಮುಂದಿನ ವಾರ ಮತ್ತೆ ಫೋನು. ‘ಊರಲ್ಲಿಲ್ಲ, ಬಂದ ಮೇಲೆ ಹೇಳ್ತೀನಿ.’ ಅದರ ಮುಂದಿನ ಸಲ, ‘ನೆಗಡಿಯಾಗಿದೆ. ನೆಗಡಿ ಇದ್ದಾಗ ಹಲ್ಲು ಕೂರಿಸ್ಕೋಬಾರ್ದಂತಲ್ಲ, ಹೌದಾ?’ ಎಂದು ವೈದ್ಯಕೀಯ ಸಲಹೆ ಬೇರೆ ಕೇಳಿದಳು. ಅವನು ಪ್ರತಿ ಸಲವೂ ಬಚ್ಚಲಲ್ಲಿರುತ್ತಿದ್ದ. ಕ್ಲಿನಿಕ್ಕು ತೆರೆಯುವ ಹೊತ್ತೂ ಅವನು ಸ್ನಾನ ಮಾಡುವ ಹೊತ್ತೂ ಒಂದೇ. ಮೈಮೇಲಿನ ಸೋಪು ಒಣಗಿ ಚರ್ಮ ಬಿಗಿಯುವ ತನಕ ನಿಂತು ಕೇಳಿಸಿಕೊಳ್ಳುತ್ತಿದ್ದ, ಆಮೇಲೆ ಜೋರಾಗಿ ನೀರು ಬಿಡುತ್ತಿದ್ದ. ಒಂದು ವಾರ ಫೋನು ಬರಲಿಲ್ಲ. ಆಮೇಲೆ ಬರಲೇ ಇಲ್ಲ. ಅಮ್ಮ ನಿಜ ಹೇಳಿದಳೋ, ಅವರೇ ಬೇಸತ್ತರೋ, ಆ ಹಲ್ಲು ಈಗ ಯಾವ ಕಪಾಟಿನಲ್ಲಿ ನಗುತ್ತ ಕೂತಿದೆಯೋ, ಅವನು ಕೇಳಿರಲಿಲ್ಲ. ಕೇಳದೆ ಇದ್ದದ್ದನ್ನು ಬರೆದ. ಆರು ಪುಟವಾಯಿತು.

ಕೋರ್ಸಿನಲ್ಲಿ ಹೆಸರು ಹಾಕಿ ಬರೆಯುವಂತಿರಲಿಲ್ಲ. ‘ಹೆತ್ತವರಿಗೆ ಹೆಗ್ಗಣ ಮುದ್ದು,’ ಎನ್ನುತ್ತಿದ್ದರು ಮೇಷ್ಟ್ರು, ‘ಅದಕ್ಕೆ ಹೆಗ್ಗಣ ಯಾರದ್ದು ಅಂತ ಗೊತ್ತಾಗ್ಬಾರ್ದು.’ ಮೇಷ್ಟ್ರು ಬಹಳ ಹಿಂದೆ ಒಂದು ತೆಳ್ಳಗಿನ ಕಥಾಸಂಕಲನ ತಂದವರು. ಎರಡನೆಯದು ಯಾವಾಗ ಎಂದು ಕೇಳುವವರು ಕೇಳುವುದನ್ನು ಬಿಟ್ಟ ಮೇಲೆ ಕಲಿಸಲು ಶುರು ಮಾಡಿದವರು. ಬಾಗಿಲ ಪಕ್ಕದ ತಗಡಿನ ಡಬ್ಬಿಗೆ ಯಾರು ಬೇಕಾದರೂ ಎಷ್ಟು ಬೇಕಾದರೂ ಕಥೆ ಹಾಕಬಹುದು. ವಾರಕ್ಕೊಂದನ್ನು ಮೇಷ್ಟ್ರು ತೆಗೆದು, ಪ್ರತಿ ಮಾಡಿಸಿ ಹಂಚುತ್ತಾರೆ. ಎಲ್ಲರೂ ಮಾತಾಡಲೇಬೇಕು, ಬರೆದವನೂ. ಇದು ನನ್ನದು ಅನ್ನುವಂತಿಲ್ಲ. ನನ್ನದಲ್ಲ ಅನ್ನುವಂತೆಯೂ ಇಲ್ಲ, ಯಾಕೆಂದರೆ ಎಲ್ಲರೂ ನನ್ನದಲ್ಲ ಅಂದರೆ ಉಳಿದವನು ಸಿಕ್ಕಿಬೀಳುತ್ತಾನೆ. ವರ್ಷದ ಕೊನೆಯ ಸಂಜೆ ಮಾತ್ರ ಒಂದೊಂದೇ ಕಥೆಯ ಹೆಸರು ಕೂಗುತ್ತಾರೆ, ಹೆತ್ತವರು ಎದ್ದು ನಿಲ್ಲಬೇಕು. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು.

ಅವನ ಆರು ಪುಟ ಮೇಷ್ಟ್ರ ಕೈಯಲ್ಲಿ ಬಂದ ಸಂಜೆ, ಪ್ರತಿ ಹಂಚುವ ಸದ್ದಿಗೇ ಅವನ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಾನು ಹಾಗೆ ಮಾಡಬಾರದು. ಕೈ ಹೆಗಲಿಗೆ ಹೋಗದಂತೆ ಎಷ್ಟು ಬಿಗಿಯಾಗಿ ಹಿಡಿದುಕೊಂಡನೆಂದರೆ, ಆ ಬಿಗಿತವೇ ಬಾಯಿಗೆ ಬಂತು. ಎಲ್ಲರಿಗಿಂತ ಮೊದಲು ಮಾತಾಡಿದ. ‘ನನಗೆ ನಂಬೋದಕ್ಕೆ ಆಗ್ಲಿಲ್ಲ. ಯಾವ ಹೆಂಗಸು ಹೀಗೆ ಮಾಡ್ತಾಳೆ? ಗಂಡ ಹೋಗಿ ತಿಂಗಳಾಗಿಲ್ಲ, ಫೋನಲ್ಲಿ ನೆಗಡಿ ಅಂತಾಳೆ. ಇದು ಬರೆದೋರು ಕೂತು ಹೊಸೆದಿದ್ದು.’ ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎರಡು ಮೂರು ತಲೆಗಳು ಹೌದೆಂದು ಅಲ್ಲಾಡಿದವು, ಮತ್ತು ವರ್ಷದಲ್ಲಿ ಅದೇ ಮೊದಲ ಸಲ ತನ್ನ ಮಾತಿಗೆ ತಲೆಗಳು ಅಲ್ಲಾಡಿದ್ದು. ‘ಈ ತಾಯಿ ಕಾಗದದವಳು,’ ಎಂದ. ‘ಒಂದು ಕಡ್ಡಿ ಗೀರಿದ್ರೆ ಉರಿದುಹೋಗ್ತಾಳೆ.’ ಮಾತು ಚೆನ್ನಾಗಿತ್ತು. ಮೇಷ್ಟ್ರು ಅದನ್ನು ಬರೆದುಕೊಂಡರು. ಆಮೇಲೆ ಒಬ್ಬರಾದ ಮೇಲೊಬ್ಬರು ಅವನು ತೆರೆದ ಬಾಗಿಲಲ್ಲಿ ನುಗ್ಗಿ, ಅಮ್ಮನನ್ನು ಹರಿದು, ಮಡಿಸಿ, ಪಕ್ಕಕ್ಕಿಟ್ಟರು. ಆಡಿಟರಂತೂ ಕ್ಲಿನಿಕ್ಕಿನವರು ಮುಂಗಡ ಪಡೆಯದೆ ಸೆಟ್ಟು ಮಾಡಿದ್ದೇ ಅಸಂಭವ ಎಂದು ಪಾಯಿಂಟು ಹಾಕಿದರು. ಅದೇ ಹೊತ್ತಿಗೆ ಮನೆಯಲ್ಲಿ ಆ ಕಾಗದದವಳು ಮಗ ಬಂದ ಮೇಲೆ ಬಿಸಿ ಮಾಡೋಣವೆಂದು ಸಾರನ್ನು ಒಲೆಯ ಮೇಲೆ ಹಾಗೇ ಬಿಟ್ಟು ರೇಡಿಯೋ ಕೇಳುತ್ತಿರುತ್ತಾಳೆ ಎಂದು ಅವನಿಗೆ ಗೊತ್ತಿತ್ತು.

ಕೊನೆಯಲ್ಲಿ ಮಾತಾಡಿದವಳು ಸಿಸ್ಟರ್. ಆಸ್ಪತ್ರೆಯ ನರ್ಸು, ತರಗತಿಯಲ್ಲೂ ಎಲ್ಲರೂ ಹಾಗೇ ಕರೆಯುತ್ತಿದ್ದರು. ಡ್ಯೂಟಿ ಮುಗಿಸಿ ನೇರ ಬರುತ್ತಿದ್ದಳು, ಅರ್ಧ ತರಗತಿ ತೂಕಡಿಸುತ್ತಿದ್ದಳು, ಅವಳು ಮಾತಾಡಿದರೆ ಒಂದು ವಾಕ್ಯ. ಅವತ್ತು ಕಾಗದಗಳನ್ನು ತೊಡೆಯ ಮೇಲಿಟ್ಟು, ಯಾರನ್ನೂ ನೋಡದೆ ಹೇಳಿದಳು.

‘ಅವಳು ತಮಾಷೆ ಮಾಡ್ತಿಲ್ಲ. ಸುಳ್ಳೂ ಹೇಳ್ತಿಲ್ಲ. ಮುಂದಕ್ಕೆ ಹಾಕ್ತಿದಾಳೆ, ಅಷ್ಟೇ. ನಮ್ಮ ವಾರ್ಡಲ್ಲಿ ದಿನಾ ನೋಡ್ತೀನಿ. ಬಾಡಿ ತಗೊಂಡು ಹೋಗಿ ಅಂದ್ರೆ, ಸಿಸ್ಟರ್, ಚೂರು ತಿಂದ್ಕೊಂಡು ಬರ್ತೀವಿ ಅಂತಾರೆ. ಹಸಿವು ಅಂತಲ್ಲ.’ ಹಾಳೆ ಮಗುಚಿ, ‘ನನಗೆ ಸಂಕಟ ಆಗಿದ್ದು ಆ ಮಗನ್ನ ನೋಡಿ. ಸೋಪು ಹಚ್ಕೊಂಡು ನಿಂತಿದಾನೆ. ಅಷ್ಟು ವಾರ ನಿಂತಿದಾನೆ. ಒಂದ್ಸಲ ಟವಲ್ ಸುತ್ಕೊಂಡು ಈಚೆ ಬಂದು, ಕೊಡಮ್ಮ ಫೋನು ಅನ್ಬೋದಿತ್ತು. ಫೋನ್ ಯಾಕೆ ನಿಂತುಹೋಯ್ತು ಅಂತ ಕಥೇಲಿಲ್ಲ. ಬರೆದೋರಿಗೆ ಗೊತ್ತಿಲ್ಲ. ಕೇಳಿಲ್ಲ ಅವರು. ಕೇಳಿದ್ರೆ ಕಥೆ ಬರೀತಿರ್ಲಿಲ್ಲ.’

ಮೇಷ್ಟ್ರು ಕನ್ನಡಕ ತೆಗೆದು, ‘ಬರೆದವರ ಮೇಲೆ ಇಷ್ಟು ಸಿಟ್ಟು ಬರೋದು ಬರೆದವರಿಗೆ ಮಾತ್ರ,’ ಎಂದರು. ಎಲ್ಲರೂ ಸಿಸ್ಟರ್ ಕಡೆ ತಿರುಗಿ ನಕ್ಕರು. ಸಿಸ್ಟರ್ ತಲೆ ಎತ್ತಿ ನೋಡಿದಳು, ಏನೋ ಹೇಳಲು ಬಾಯಿ ತೆರೆದಳು, ನಿಯಮ ನೆನಪಾಗಿ ಮುಚ್ಚಿಕೊಂಡಳು. ‘ವಾರ್ಡು, ಸಾವು, ಫೋನು,’ ಎಂದು ಆಡಿಟರು ಅವನ ಕಿವಿಯಲ್ಲಿ ಹೇಳುತ್ತ ಬೆರಳು ಮಡಿಸಿದರು, ‘ಇನ್ನೇನ್ರೀ ಬೇಕು ಸಾಕ್ಷಿ? ಬ್ಯಾಲೆನ್ಸ್ ಆಯ್ತು.’ ಅವನೂ ನಕ್ಕ. ನಗುತ್ತಲೇ ಇದ್ದಾಗ ಎದೆಯಲ್ಲಿ ಯಾರೋ ಒಂದು ಕುರ್ಚಿ ಎಳೆದ ಹಾಗಾಯಿತು. ಹುಟ್ಟಿದಾಗಿನಿಂದ ಅವನನ್ನು ಯಾರೂ ಅಷ್ಟು ಸರಿಯಾಗಿ ಬೈದಿರಲಿಲ್ಲ. ಮೇಲಧಿಕಾರಿ ಬೈದದ್ದು ಬೇರೆ ಯಾರನ್ನೋ ಬೈದ ಹಾಗಿರುತ್ತಿತ್ತು. ಮದುವೆಯಾಗಿ ಎರಡು ವರ್ಷ ಜೊತೆಗಿದ್ದು ಹೋದವಳು ಬೈದದ್ದೂ ಹಾಗೇ, ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಯಾರೋ ಇನ್ನೊಬ್ಬ ಗಂಡನಿಗೆ ಸೇರಬೇಕಾದದ್ದು ವಿಳಾಸ ತಪ್ಪಿ ಬಂದಂತೆ. ಇದರ ವಿಳಾಸ ತಪ್ಪಿರಲಿಲ್ಲ. ಸಿಸ್ಟರ್ ಬಚ್ಚಲ ಬಾಗಿಲು ತೆಗೆದು, ಸೋಪಿನಲ್ಲಿ ನಿಂತಿದ್ದವನನ್ನು ಕಂಡು, ಕಣ್ಣು ಮುಚ್ಚಿಕೊಳ್ಳದೆ ಬೈದಿದ್ದಳು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಅವನಿಗಾದದ್ದು ಅವಮಾನವಲ್ಲ, ಸಂತೋಷ. ಅದಕ್ಕೆ ಹತ್ತಿರದ ಏನೋ. ಆದರೆ ಆ ಸಂತೋಷ ತಂದ ಕಥೆ ಈಗ ಎಲ್ಲರ ಲೆಕ್ಕದಲ್ಲಿ ಅವಳ ಹೆಸರಿನಲ್ಲಿತ್ತು.

ಅಲ್ಲಿಂದ ಮುಂದೆ ಅವನು ಆ ಕಥೆಯ ವಿರೋಧಿ. ಒಮ್ಮೆ ಹಿಡಿದ ಪಕ್ಷ ಬಿಟ್ಟರೆ ಅನುಮಾನ ಬರುತ್ತದೆ. ಬೇರೆ ಯಾರದೋ ಕಥೆಯಲ್ಲಿ ತಾಯಿ ಬಂದರೆ ಸಾಕು, ‘ಇನ್ನೊಂದು ಕಾಗದದ ತಾಯಿ ಅಲ್ಲ ತಾನೇ?’ ಎಂದು ಆಡಿಟರು ಅವನ ಕಡೆ ತಿರುಗುತ್ತಿದ್ದರು, ಅವನು ಬೇಡವೆಂದರೂ ಒಂದು ಚಾತುರ್ಯದ ಮಾತು ಆಡುತ್ತಿದ್ದ. ಅವನ ಟೀಕೆ ಹರಿತವಾಗುತ್ತ ಹೋಯಿತು. ಮೇಷ್ಟ್ರು ಅವನನ್ನು ಗಮನಿಸತೊಡಗಿದರು. ವಿಶೇಷಣಗಳು ಉದುರಿದವು, ವಾಕ್ಯಗಳು ಚಿಕ್ಕವಾದವು, ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಮನುಷ್ಯನ ಬಗ್ಗೆ ಬರೆದು ಡಬ್ಬಿಗೆ ಹಾಕಿದ ಕಥೆಗೆ ‘ಸಂಯಮ’ ಎಂಬ ಮೆಚ್ಚುಗೆ ಸಿಕ್ಕಿತು. ಆ ಲಿಫ್ಟಿನೊಳಗೆ ಯಾರೂ ಇರಲಿಲ್ಲವೆಂಬುದು ಅವನಿಗೆ ಮಾತ್ರ ಗೊತ್ತಿತ್ತು. ಸಿಸ್ಟರ್ ಅದರ ಬಗ್ಗೆ ಹೇಳಿದ್ದು, ‘ಚೆನ್ನಾಗಿದೆ,’ ಎಂದು ಒಂದೇ ಮಾತು, ಆಮೇಲೆ ತೂಕಡಿಸಿದಳು.

ಒಮ್ಮೆ ಬಸ್ ಸ್ಟಾಪಿನಲ್ಲಿ ಇಬ್ಬರೇ ಸಿಕ್ಕಿದ್ದರು. ಅವಳು ಬೆಂಚಿನ ಒಂದು ತುದಿಯಲ್ಲಿ ಚಪ್ಪಲಿ ಬಿಟ್ಟು ಪಾದಗಳನ್ನು ಒಂದರ ಮೇಲೊಂದು ಉಜ್ಜಿಕೊಳ್ಳುತ್ತಿದ್ದಳು. ದಿನವಿಡೀ ನಿಂತವರ ಪಾದ. ಹೋಗಿ ಪಕ್ಕದಲ್ಲಿ ಕೂರಲೋ, ಸಮಯಪಟ್ಟಿ ಓದುವವನಂತೆ ನಿಲ್ಲಲೋ ಎಂದು ಯೋಚಿಸುತ್ತಿರುವಾಗ ಅವಳೇ ಕೇಳಿದಳು, ‘ನಿಮ್ಮ ತಾಯಿ ಇದ್ದಾರಾ?’

‘ಇದ್ದಾರೆ.’

‘ಜೊತೇಲೇ?’

‘ಹೂಂ. ಜೊತೇಲೇ.’

‘ಮತ್ತೆ?’ ಎಂದಳು ಅವಳು.

ಆ ‘ಮತ್ತೆ’ಗೆ ಅವನು ಉತ್ತರ ಹುಡುಕುತ್ತಿರುವಾಗ ಅವಳ ಬಸ್ಸು ಬಂತು. ಚಪ್ಪಲಿ ಮೆಟ್ಟಿಕೊಂಡು, ಕುಂಟುತ್ತ ಹತ್ತಿದಳು. ಆಮೇಲೆ ಅವಳು ತರಗತಿ ಮುಗಿದ ಕೂಡಲೇ ಹೊರಡುತ್ತಿದ್ದಳು, ಅಥವಾ ಅವನು ನಿಧಾನ ಮಾಡುತ್ತಿದ್ದ. ತಾನು ನಿಜ ಹೇಳಿದರೆ ಏನಾಗುತ್ತದೆ ಎಂಬುದನ್ನು ಅವನು ಎಷ್ಟೋ ಸಲ ನಡೆಸಿ ನೋಡಿದ್ದ. ಹೇಳಿದರೆ, ಹೆತ್ತ ತಾಯಿಯನ್ನು ಇಪ್ಪತ್ತು ಜನರೆದುರು ಕಾಗದದವಳೆಂದವನು ತಾನೇ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಹೇಳದಿದ್ದರೆ, ಅವನನ್ನು ಓದಿದ ಒಬ್ಬಳೇ ಒಬ್ಬಳ ಪಾಲಿಗೆ ಅವನು ಆ ಕಥೆ ಅರ್ಥವಾಗದ ಮುಟ್ಠಾಳನಾಗಿಯೇ ಉಳಿಯುತ್ತಾನೆ. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂಬುದು ಬಸ್ಸಿನಲ್ಲಿ ಕೂತ ದಿನ ಒಂದು, ನಿಂತ ದಿನ ಇನ್ನೊಂದು.

‘ಬಲಗೈ ಹಾಕ್ತೀನಿ ಸಾರ್,’ ಎಂದ ಚಿತ್ರದವನು. ‘ಜಾಸ್ತಿ ಜನ ಬಲಗೈಯೋರು.’

ಹಾಕು ಅಂದ. ಇಸ್ತ್ರಿಪೆಟ್ಟಿಗೆ ತಣ್ಣಗಾದ ಮೇಲೆ ಮಾತ್ರ ವೈರನ್ನು ಸಡಿಲವಾಗಿ ಸುತ್ತಿಡಿ ಎಂದು ಒಂದೇ ಉಸಿರಿಗೆ ಬರೆದು ಅವನ ಮೇಜಿಗೆ ದಾಟಿಸಿ, ಕೆಳಗಿನ ಹಾಳೆಯನ್ನು ಮೇಲಕ್ಕೆ ತಂದುಕೊಂಡ. ಆಮೇಲೆ ಪೆನ್ನು ತಡೆಯಲಿಲ್ಲ. ಮೊದಮೊದಲು ವಿಶೇಷಣ ಹಾಕುತ್ತಿದ್ದುದನ್ನು ಬರೆದ, ಬಿಟ್ಟದ್ದನ್ನು ಬರೆದ, ಬೇರೆಯವರ ಬರಹದಲ್ಲಿ ತಪ್ಪು ಹುಡುಕುತ್ತ ತನ್ನ ಕಣ್ಣು ಹೇಗೆ ಹರಿತವಾಯಿತು ಎಂದು ಬರೆದ. ಪುಟದ ತಳಕ್ಕೆ ಬರುವ ಹೊತ್ತಿಗೆ, ತನಗರಿವಿಲ್ಲದೆ, ‘ಹಲ್ಲಿನ ಕಥೆಯನ್ನು ನಾನು ಅಷ್ಟು ಕಟುವಾಗಿ ಟೀಕಿಸಲು ಕಾರಣವೇನೆಂದರೆ,’ ಎಂದು ಬರೆದಿದ್ದ. ಹಾಳೆ ಮುಗಿದಿತ್ತು. ಇನ್ನೊಂದು ತೆಗೆದುಕೊಂಡು ಅದರ ಮೊದಲ ಸಾಲಿನಲ್ಲಿ, ‘ಅದು ನನ್ನದು. ಆ ತಾಯಿ ನನ್ನ ತಾಯಿ,’ ಎಂದು ಬರೆದ. ಬರೆದು ನೋಡಿದ. ಆಕಾಶವೇನೂ ಬೀಳಲಿಲ್ಲ. ಚಿತ್ರದವನು ಉಗುರಿಗೆ ನೆರಳು ಕೊಡುತ್ತಿದ್ದ. ಇವತ್ತು ಮೇಷ್ಟ್ರು ಕಥೆಯ ಹೆಸರು ಕೂಗಿದಾಗ ಎದ್ದು ನಿಲ್ಲುವುದು. ಸಿಸ್ಟರ್ ಕಡೆ ನೋಡುವುದು. ಅಷ್ಟೇ ಸಾಕು, ಮಾತು ಬೇಡ. ಎರಡೂ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡಾಗ ಮೈ ಹಗುರಾಗಿತ್ತು. ಹಗುರಾದದ್ದರ ಜೋರಿನಲ್ಲೇ ಮನೆಗೆ ಫೋನು ಮಾಡಿದ. ಮೊದಲು ಅಮ್ಮನನ್ನು ಕೇಳಿಬಿಡಬೇಕು: ಕೊನೆಗೆ ಅವರಿಗೆ ಏನು ಹೇಳಿದೆ?

‘ಏನೋ?’ ಎಂದಳು ಅಮ್ಮ.

‘ಏನಿಲ್ಲ. ಬರೋದು ತಡ ಆಗುತ್ತೆ.’

‘ಬೆಳಿಗ್ಗೆ ಹೇಳಿದೀಯಲ್ಲ.’

‘ಹೌದಾ.’

‘ಹೌದು.’ ಅಮ್ಮ ಕಾಯುತ್ತಿದ್ದಳು. ಅವಳ ಹಿಂದೆ ರೇಡಿಯೋದಲ್ಲಿ ಯಾರೋ ಹವಾಮಾನ ಓದುತ್ತಿದ್ದರು. ‘ಇನ್ನೇನಾದ್ರೂ ಇತ್ತಾ?’

‘ಇಲ್ಲ. ಇಡ್ತೀನಿ.’

ಕಾಲೇಜು ತಲುಪುವಾಗ ತಡವಾಗಿತ್ತು. ಅವನ ಎಂದಿನ ಜಾಗದಲ್ಲಿ ಆಡಿಟರ ಹೆಂಡತಿ ಕೂತಿದ್ದರು. ಕೊನೆಯ ದಿನವೆಂದು ಕೆಲವರು ಮನೆಯವರನ್ನು ಕರೆತಂದಿದ್ದರು. ಅಮ್ಮನನ್ನು ಕರೆತರಬಹುದಿತ್ತು ಎಂಬುದು ಅವನಿಗೆ ಆಗ ಹೊಳೆಯಿತು, ಹೊಳೆದದ್ದಕ್ಕೆ ಹೆದರಿದ. ಹಿಂದೆ ಹೋಗಿ ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂತ. ಹೆಸರು ಕೂಗುವುದು ಆಗಲೇ ಶುರುವಾಗಿತ್ತು. ಆಡಿಟರು ತಮ್ಮ ಕಥೆಯ ಹೆಸರು ಪೂರ್ತಿ ಕೂಗುವ ಮೊದಲೇ ಎದ್ದು, ಮೂರು ದಿಕ್ಕಿಗೂ ಬಾಗಿ, ಹೆಂಡತಿಯ ಕಡೆ ನೋಡಿ ಕೂತರು. ‘ಗೊತ್ತಿತ್ತು ಬಿಡಿ,’ ಎಂದು ಯಾರೋ ಅಂದರು; ಕಥೆಯ ಪಾತ್ರಗಳೆಲ್ಲ ಲೆಕ್ಕ ಇಟ್ಟಿದ್ದವು. ಲಿಫ್ಟಿನ ಕಥೆ ಕೂಗಿದಾಗ ಅವನು ಎದ್ದು ನಿಂತ. ನಾಲ್ಕು ಚಪ್ಪಾಳೆ ಬಿತ್ತು. ಏಳುವುದು ಇಷ್ಟೇ, ಮೊಣಕಾಲಿನ ಕೆಲಸ ಎಂದುಕೊಂಡ.

‘ಇನ್ನು ಹಲ್ಲಿನ ಕಥೆ,’ ಎಂದರು ಮೇಷ್ಟ್ರು, ನಗುತ್ತ. ‘ಇದಕ್ಕೆ ಕೂಗೋದೇ ಬೇಡ. ಈ ವರ್ಷದ ಒಳ್ಳೇ ಕಥೆ ಇದು, ಈಗ ಹೇಳಬಹುದು. ಬನ್ನಿ ಸಿಸ್ಟರ್, ನೀವೇ ಓದಿಬಿಡಿ.’

ಸಿಸ್ಟರ್ ಎದ್ದು ಮುಂದೆ ಹೋದಳು. ಇವತ್ತು ಡ್ಯೂಟಿಯ ಬಟ್ಟೆಯಲ್ಲಿರಲಿಲ್ಲ. ಕಿವಿಗೆ ಏನೋ ಹಾಕಿಕೊಂಡಿದ್ದಳು. ಪ್ರತಿಯನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಮಡಿಕೆ ನೇವರಿಸಿ, ‘ಇದು ನಂದಲ್ಲ,’ ಎಂದಳು.

ತರಗತಿ ನಕ್ಕಿತು, ಆಮೇಲೆ ನಗು ನಿಲ್ಲಿಸಿತು.

‘ನಂದಲ್ಲ ಅಂತ ಅನ್ನೋ ಹಾಗಿಲ್ಲ ಅಂದಿದ್ರಿ, ಅದಕ್ಕೆ ಸುಮ್ನಿದ್ದೆ. ಆಮೇಲಾಮೇಲೆ ಎಲ್ಲರೂ ಚೆನ್ನಾಗಿ ಬರೆದಿದೀರಿ ಅಂತ ಹೇಳೋರು. ಹೂಂ ಅಂದಿಲ್ಲ ನಾನು. ಉಹೂಂ ಅಂತಾನೂ ಅಂದಿಲ್ಲ. ಅದೊಂದು ತಪ್ಪೇ.’ ಪ್ರತಿಯನ್ನು ಮೇಷ್ಟ್ರ ಕಡೆ ಸರಿಸಿದಳು. ‘ಇವತ್ತು ಬರೆದೋರು ಏಳ್ತಾರಲ್ಲ ಅಂತ ರಜ ಹಾಕಿ ಬಂದೆ. ಅವತ್ತು ನಾನು ಆ ಮಗನ್ನ ಬೈದಿದ್ದು ಜಾಸ್ತಿ ಆಯ್ತು. ಅರ್ಧ ಹೇಳಿದೆ. ಇನ್ನೊಂದು ಮಾತಿತ್ತು, ಅದನ್ನ ಹೇಳ್ಲಿಲ್ಲ. ಅದು ಎಲ್ಲರ ಮುಂದೆ ಹೇಳೋದಲ್ಲ. ಅವರು ಯಾರು ಅಂತ ಗೊತ್ತಾದ್ರೆ ಅವರಿಗೆ ಹೇಳ್ತೀನಿ.’

ಮೇಷ್ಟ್ರು ಕನ್ನಡಕ ಹಾಕಿಕೊಂಡರು, ತೆಗೆದರು. ‘ಹಾಗಾದ್ರೆ, ಬರೆದವರು ಏಳಿ.’

ಅವನ ಮೊಣಕಾಲುಗಳು ಕೇಳಿಸಿಕೊಂಡವು. ಬೆಂಚಿನ ಅಂಚನ್ನು ಹಿಡಿದ ಕೈಗೆ ಹಿಂದಿನ ಯಾವನೋ ಕೊರೆದ ಅಕ್ಷರದ ಗುಣಿ ತಾಗುತ್ತಿತ್ತು. ಅವಳು ಕಾಯುತ್ತಿದ್ದಳು, ಮುಖದಲ್ಲಿ ಸಿಟ್ಟಿರಲಿಲ್ಲ, ಯಾರನ್ನೋ ಸ್ಟೇಷನ್ನಿನಲ್ಲಿ ಎದುರುಗೊಳ್ಳಲು ಬಂದವಳ ಕುತೂಹಲವಿತ್ತು. ಈಗ, ಎಂದುಕೊಂಡ. ಯಾರೂ ಏಳದ್ದನ್ನು ಕಂಡು ಮುಂದಿನ ಸಾಲಿನವರು ಹಿಂದಿನ ಸಾಲಿನವರನ್ನು ನೋಡಿದರು. ಅವರು ತಮ್ಮ ಹಿಂದಿನವರನ್ನು ನೋಡಿದರು. ತಲೆಗಳು ಸಾಲುಸಾಲಾಗಿ ತಿರುಗುತ್ತ ಅವನ ತನಕ ಬಂದವು, ಅಷ್ಟೂ ಕಣ್ಣು. ಆಗ ಅವನೂ ತಿರುಗಿದ. ಎಲ್ಲರ ಹಾಗೆ, ಹುಬ್ಬು ಸ್ವಲ್ಪ ಮೇಲಕ್ಕೆತ್ತಿ, ಯಾರಿರಬಹುದು ಎಂಬ ಮುಖ ಮಾಡಿಕೊಂಡು, ಹೆಗಲ ಮೇಲಿಂದ ಹಿಂದಕ್ಕೆ ನೋಡಿದ.

ಹಿಂದೆ ಗೋಡೆಯಿತ್ತು. ಒಂದು ಕೈ ದೂರದಲ್ಲಿ, ಬಿಳಿ ಬಳಿದ ಗೋಡೆ. ಅದರಲ್ಲಿ ಒಂದು ಮೊಳೆ ಕೂಡ ಇರಲಿಲ್ಲ. ನೋಡಲು ಶುರು ಮಾಡಿದ್ದರಿಂದ ತಕ್ಷಣ ನಿಲ್ಲಿಸುವಂತಿರಲಿಲ್ಲ, ನೋಡುತ್ತಲೇ ಇದ್ದ.

‘ಮಧ್ಯದಲ್ಲಿ ಇಬ್ಬರು ಬಿಟ್ಟು ಹೋದ್ರಲ್ಲ,’ ಎಂದು ಆಡಿಟರ ದನಿ ಕೇಳಿತು. ‘ಅವರಲ್ಲೇ ಯಾರೋ. ಬಿಟ್ಟು ಹೋದೋರ ಖಾತೆಗೆ ಹಾಕಿ.’ ಎಲ್ಲರಿಗೂ ಅದು ಸರಿಯೆನಿಸಿತು. ಕುರ್ಚಿ ಬೆಂಚುಗಳು ನಿಟ್ಟುಸಿರು ಬಿಟ್ಟವು. ಅವನು ಈ ಕಡೆ ತಿರುಗಿದಾಗ ಮೇಷ್ಟ್ರು ಮುಂದಿನ ಕಥೆಯ ಹೆಸರು ಕೂಗುತ್ತಿದ್ದರು, ಜನ ಮುಂದೆ ನೋಡುತ್ತಿದ್ದರು. ಸಿಸ್ಟರ್ ಮಾತ್ರ ಇನ್ನೂ ಮೇಜಿನ ಪಕ್ಕದಲ್ಲೇ ನಿಂತು ಅವನನ್ನು ನೋಡುತ್ತಿದ್ದಳು.

ಆಮೇಲೆ ಪ್ರಬಂಧ ಒಪ್ಪಿಸುವ ಸಾಲು. ಜೇಬಿನಿಂದ ಎರಡು ಹಾಳೆ ತೆಗೆಯಬೇಕಾದ ಕೈ, ಬೆರಳಿನಲ್ಲೇ ಎಣಿಸಿ, ಒಂದನ್ನು ತೆಗೆಯಿತು. ಮೇಷ್ಟ್ರು ಮೇಲಿನಿಂದ ಕೆಳಗೆ ಕಣ್ಣಾಡಿಸಿ, ಕೊನೆಯ ಸಾಲಿಗೆ ಬಂದು ನಿಂತರು. ಹಾಳೆ ಮಗುಚಿದರು. ಹಿಂಬದಿ ಖಾಲಿ.

‘ಕಾರಣವೇನೆಂದರೆ, ಅಂತ ಬಿಟ್ಟಿದ್ದೀರಿ.’

‘ಹೌದು ಸಾರ್.’

ಮೇಷ್ಟ್ರ ಮುಖ ನಿಧಾನವಾಗಿ ಅರಳಿತು. ಅಷ್ಟು ನಿಜವಾದ ಸಂತೋಷವನ್ನು ಅವನು ಆ ಮುಖದಲ್ಲಿ ವರ್ಷವಿಡೀ ಕಂಡಿರಲಿಲ್ಲ. ‘ಮೊದಲ ತಿಂಗಳಾಗಿದ್ರೆ ಕಾರಣ ಬರೆದುಬಿಡ್ತಿದ್ರಿ ನೀವು,’ ಎಂದು ಅವನ ತೋಳು ತಟ್ಟಿದರು. ‘ಬೆಳೆದಿದ್ದೀರಿ ರೀ.’

ಸರ್ಟಿಫಿಕೇಟು ದಪ್ಪ ಕಾಗದದ್ದು, ಮಡಿಸಲು ಬರುವಂತಿರಲಿಲ್ಲ. ಅದನ್ನು ಹೇಗೆ ಹಿಡಿದುಕೊಳ್ಳುವುದೆಂದು ತಿಳಿಯದೆ ಎದೆಗೆ ಒತ್ತಿಕೊಂಡು ಹೊರಬಂದ. ಮೆಟ್ಟಿಲ ತಲೆಯಲ್ಲಿ ಸಿಸ್ಟರ್ ನಿಂತಿದ್ದಳು, ಕೈಚೀಲದಲ್ಲಿ ಏನನ್ನೋ ಹುಡುಕುತ್ತ. ಹುಡುಕುವುದು ಬೇಗ ಮುಗಿಯುವಂತೆ ಕಾಣಲಿಲ್ಲ. ಜನ ಅವರಿಬ್ಬರನ್ನೂ ಬಳಸಿಕೊಂಡು ಇಳಿದು ಹೋದರು. ಆಡಿಟರು ಹೆಂಡತಿಗೆ, ‘ಇವರೇ ನಮ್ಮ ಕೈಪಿಡಿ,’ ಎಂದು ತೋರಿಸಿ, ಹೋದರು. ಕಾರಿಡಾರು ಖಾಲಿಯಾಯಿತು. ಅವಳು ಚೀಲ ಮುಚ್ಚಿದಳು.

‘ಗೋಡೆ ಮೇಲೆ ಏನಿತ್ತು?’ ಎಂದಳು.

ದನಿ ಮೆತ್ತಗಿತ್ತು. ಕುಹಕವಿರಲಿಲ್ಲ, ಎಲ್ಲಿ ನೋವು ಎಂದು ಕೇಳುವ ಹಾಗಿತ್ತು. ಅವನು ಬಾಯಿ ತೆರೆದ. ಹೇಳಬೇಕಾದದ್ದು ಎರಡನೆಯ ಹಾಳೆಯಲ್ಲಿ, ಅಂಗಿಯ ಜೇಬಿನಲ್ಲಿ, ಸರ್ಟಿಫಿಕೇಟಿನ ಹಿಂದೆ ಇತ್ತು.

‘ತೇವ ಬಂದಿದೆ,’ ಎಂದ.

ಅವಳು ಅವನನ್ನು ದಾಟಿ, ತೆರೆದ ಬಾಗಿಲಿನೊಳಗೆ, ಬೆಂಚುಗಳಾಚೆಯ ಆ ಒಣ ಬಿಳಿ ಗೋಡೆಯನ್ನು ನೋಡಿದಳು. ಏನಾದರೂ ಹೇಳುವುದಿದ್ದವನಿಗೆ ಸಾಕಾಗುವಷ್ಟು ಹೊತ್ತು ನೋಡಿದಳು.

‘ಹೌದು,’ ಎಂದಳು ಕೊನೆಗೆ. ‘ಬಂದಿದೆ. ಬರ್ತೀನಿ ಹಾಗಾದ್ರೆ.’

ಅವಳ ಚಪ್ಪಲಿ ಮೆಟ್ಟಿಲ ಮೇಲೆ ಸದ್ದು ಮಾಡತೊಡಗಿತು. ಒಂದು ತಿರುವಿನ ತನಕ ಅದು ಅವಳದೇ ಎಂದು ಗೊತ್ತಾಗುತ್ತಿತ್ತು, ಆಮೇಲೆ ಬರೀ ಚಪ್ಪಲಿ. ಅವಳು ಹೇಳಬೇಕೆಂದಿದ್ದ ಆ ಇನ್ನೊಂದು ಮಾತು ಒಂದೊಂದೇ ಮೆಟ್ಟಿಲು ಇಳಿದು ಹೋಗುವುದನ್ನು ಅವನು ಮೇಲೆ ನಿಂತು, ಉಸಿರು ಬಿಗಿಹಿಡಿದು, ಕಡೆಯ ಸದ್ದಿನ ತನಕ ಕೇಳಿಸಿಕೊಂಡ.